ಲಾರಿಯ ಬಾಯಿ ಮುಚ್ಚಿಸಲು ಹೋದದ್ದು

ಸ್ಪ್ಯಾನರ್ ಹಿಡಿಯಲು ಬರುವ ಪ್ರತಿಯೊಬ್ಬ ಗಂಡಸಿಗೂ ತಾನು ಅರ್ಧ ಎಂಜಿನಿಯರ್ ಎಂಬ ನಂಬಿಕೆ ಇರುತ್ತದೆ. ನನಗೆ ಪೂರ್ತಿ ಎಂಜಿನಿಯರ್ ಎಂಬ ನಂಬಿಕೆ ಇತ್ತು. ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು.

ಯಲಹಂಕ ಇನ್ನೂ ಬೆಂಗಳೂರಾಗಿರದ ಕಾಲ ಅದು. "ಬೆಂಗಳೂರಿಗೆ ಹೋಗಿ ಬರ್ತೀನಿ" ಎಂದು ಮನೆಯಲ್ಲಿ ಹೇಳಿ, ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದೆವು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಲಾರಿಯೊಂದನ್ನು ಕೊಂಡುಕೊಂಡು, ಚಿಕ್ಕಜಾಲದ ಕಡೆಯಿಂದ ಸೈಜುಗಲ್ಲು ತುಂಬಿ ತಂದು ಮನೆ ಕಟ್ಟುವವರಿಗೆ ಹಾಕುವುದು ನನ್ನ ಉದ್ಯೋಗ. ಲಾರಿ ಮಹಾಯುದ್ಧ ನೋಡಿದ್ದು. ಯುದ್ಧ ಮುಗಿದ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ! ದಿನಾ ಬೆಳಿಗ್ಗೆ ಐದೂವರೆಗೆ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಿದರೆ ಮೊದಲು ಎರಡು ಸಲ ಕೆಮ್ಮುತ್ತಿತ್ತು. ಆಮೇಲೆ "ಗುಡು ಗುಡು ಗುಡು ಫಟ್! ಗುಡು ಗುಡು ಗುಡು ಫಟ್!" ಎಂದು ಶುರುವಾಗುತ್ತಿತ್ತು. ಎಂಜಿನ್ ಬಿಸಿಯಾಗುವವರೆಗೆ ಕಾಲು ಗಂಟೆ ಹಾಗೆಯೇ ಬಿಡಬೇಕು.

ನಾವು ಇದ್ದದ್ದು ಮುನಿಯಮ್ಮನವರ ವಠಾರದಲ್ಲಿ. ನಾಲ್ಕು ಮನೆ, ನಡುವೆ ದೊಡ್ಡ ಅಂಗಳ. ಅಂಗಳದ ಒಂದು ಕಡೆ ನನ್ನ ಲಾರಿ, ಇನ್ನೊಂದು ಕಡೆ ಮುನಿಯಮ್ಮನವರ ಎಮ್ಮೆ ಲಚ್ಚಿ. ಲಚ್ಚಿ ಹೋದ ವರ್ಷ ಅದೇ ಅಂಗಳದಲ್ಲಿ ಚೊಚ್ಚಲ ಕರು ಹಾಕಿದ್ದಳು. ನಾಲ್ಕು ಮನೆಯ ಕಾಫಿಗೂ ಅವಳದೇ ಹಾಲು. ತಲೆಯ ಮೇಲೆ ಆಗಾಗ ವಾಯುಪಡೆಯ ವಿಮಾನ ಕಿವಿ ಹರಿಯುವಂತೆ ಹೋಗುತ್ತಿತ್ತು. ಆಗ ಮಕ್ಕಳನ್ನು ಎತ್ತಿಕೊಂಡು ಬಂದು ತೋರಿಸುತ್ತಿದ್ದ ಜನ, ನನ್ನ ಲಾರಿ ಹೊರಟರೆ ಅದೇ ಮಕ್ಕಳ ಕಿವಿ ಮುಚ್ಚುತ್ತಿದ್ದರು. ಎರಡೂ ಮಿಲಿಟರಿಯದೇ. ದೇಶಭಕ್ತಿಯಲ್ಲೂ ಇಂಥ ಪಕ್ಷಪಾತ!

ಯುಗಾದಿಗೆ ಇನ್ನು ಹದಿನೈದು ದಿನ ಇದ್ದಾಗ ಮುನಿಯಮ್ಮನವರು ಒಡೆದ ಹೆಂಚೊಂದನ್ನು ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ನೋಡಪ್ಪ ಕಿಟ್ಟಪ್ಪ, ಇದು ಮೂರ್ನೇ ಎಂಚು. ನಿನ್ ಲಾರಿ ಅದುರೋ ಅದುರಿಗೆ ಒಂದೊಂದೇ ಜಾರ್ಕಂಡು ಬೀಳ್ತಾ ಅವೆ. ನಿನ್ನೆ ಸೀದಾ ಸಾರಿನ್ ಮಡಕೇಗೇ ಬಿತ್ತು."

"ಹೆಂಚು ಹಳೇದಾಗಿದೆ ಅನ್ಸುತ್ತೆ ಅಮ್ಮಾ..."

"ಎಂಚು ಅಳೇದಲ್ಲ, ಲಾರಿ ಅಳೇದು! ಯುಗಾದಿ ಒಳಗೆ ಅದರ ಬಾಯಿ ಮುಚ್ಸು. ಇಲ್ದಿದ್ರೆ ಮನೆ ಖಾಲಿ ಮಾಡು."

ಲಾರಿ ನಿಲ್ಲಿಸಲು ಅಂಗಳ, ಬೇಸಿಗೆಯಲ್ಲೂ ಬತ್ತದ ಬಾವಿ, ಇವೆರಡೂ ಇರುವ ಇನ್ನೊಂದು ಮನೆ ಇಡೀ ಯಲಹಂಕದಲ್ಲಿ ಇರಲಿಲ್ಲ. ಲಾರಿ ನಿಲ್ಲಿಸಲು ಜಾಗವಿಲ್ಲದ ಮೇಲೆ ನನ್ನ ಹೊಟ್ಟೆಪಾಡೂ ಇಲ್ಲ. ನನ್ನ ಹೆಂಡತಿ ಸರೋಜ ಹಿತ್ತಿಲಲ್ಲಿ ಎರಡು ಸಾಲು ಕನಕಾಂಬರ ಬೇರೆ ಹಾಕಿದ್ದಳು.

"ರೀ, ಯಾರಾದ್ರೂ ಒಳ್ಳೇ ಮೆಕ್ಯಾನಿಕ್ ಹತ್ರ ತೋರಿಸ್ರೀ" ಎಂದಳು ಸರೋಜ.

"ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ? ಸದ್ದು ಅಂದ್ರೇನು? ಗಾಳಿ ತಾನೇ? ಗಾಳಿಗೆ ಅಡ್ಡ ಏನಾದ್ರೂ ಇಟ್ರೆ ಮುಗೀತು."

"ಹಿಂಗೇ ಹೇಳಿ ಹೋದ್ ವರ್ಷ ಗಡಿಯಾರ ಬಿಚ್ಚಿದ್ರಿ."

"ಗಡಿಯಾರದಲ್ಲಿ ಗಾಳಿ ಇಲ್ಲ ಕಣೇ!"

ಭಾನುವಾರ ಮಧ್ಯಾಹ್ನ ಪ್ರಥಮ ಪ್ರಯೋಗ ನೆರವೇರಿತು. ಎರಡು ಬುಟ್ಟಿ ತೆಂಗಿನ ನಾರನ್ನು ನೀರಿನಲ್ಲಿ ನೆನೆಸಿ, ಹೊಗೆ ಕೊಳವೆಯೊಳಗೆ ತುರುಕಿ, ಒನಕೆಯಿಂದ ಚೆನ್ನಾಗಿ ಜಡಿದೆ. ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಅದುರಿತು, ಆದರೆ ಸದ್ದಿಲ್ಲ! ನಾನು ಸೊಂಟದ ಮೇಲೆ ಕೈಯಿಟ್ಟು ಸರೋಜಳ ಕಡೆ ತಿರುಗಿ "ನೋಡಿದ್ಯಾ?" ಎನ್ನಬೇಕೆಂದುಕೊಂಡೆ. "ನೋಡಿ" ಎನ್ನುವಷ್ಟರಲ್ಲಿ ಢಮಾರ್ ಎಂದಿತು. ಹೊಗೆಯಾಡುತ್ತಿದ್ದ ನಾರಿನ ಉಂಡೆ ಫಿರಂಗಿಯ ಗುಂಡಿನಂತೆ ಅಂಗಳ ದಾಟಿ, ಮುನಿಯಮ್ಮನವರು ಹಳೇ ಪಂಚೆಯ ಮೇಲೆ ಹಾಕಿದ್ದ ಸಂಡಿಗೆಯ ನಟ್ಟನಡುವೆ ಬಿತ್ತು. ಹಿಂದೆಯೇ ಮಸಿಯೆಲ್ಲ ನಿಧಾನವಾಗಿ ಇಳಿದು ಸಂಡಿಗೆಯ ಮೇಲೆ ಕೂತಿತು.

ಮುನಿಯಮ್ಮನವರು ಹೊರಗೆ ಬಂದು, ಒಂದು ಸಂಡಿಗೆ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು.

"ಚೆನ್ನಾಗೈತೆ ಕಿಟ್ಟಪ್ಪ. ನಾನು ಎಳ್ಳು ಹಾಕೋದು ಮರ್ತಿದ್ದೆ."

ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆದರೂ ಮೂರು ಕ್ಷಣ ಲಾರಿ ಮೌನವಾಗಿತ್ತಲ್ಲ, ಆದ್ದರಿಂದ ಪ್ರಯೋಗ ಭಾಗಶಃ ಯಶಸ್ವಿ ಎಂದು ತೀರ್ಮಾನಿಸಿದೆ.

ಎರಡನೆಯ ಪ್ರಯೋಗದ ಹಿಂದೆ ಆಳವಾದ ಚಿಂತನೆ ಇತ್ತು. ದೂರ ಹೋದಷ್ಟೂ ಸದ್ದಿಗೆ ಸುಸ್ತಾಗುತ್ತದೆ. ಹಾಗಿದ್ದರೆ ಕೊಳವೆಯನ್ನೇ ಉದ್ದ ಮಾಡಿದರೆ ಸದ್ದು ಒಳಗೇ ಸುಸ್ತಾಗಿ ಬೀಳಬೇಕಲ್ಲವೇ? ನಮ್ಮ ಬಚ್ಚಲ ಒಲೆಯ ತಗಡಿನ ಹೊಗೆ ಕೊಳವೆಯನ್ನು ಕಿತ್ತು, ಲಾರಿಗೆ ಜೋಡಿಸಿ, ತಂತಿಯಿಂದ ಬಿಗಿದೆ. ಅದು ಲಾರಿಯ ಹಿಂದೆ ಆಕಾಶ ನೋಡುತ್ತ ನಿಂತಿತು. ಹೊರಟೆ. ಸದ್ದಿಗೆ ಸುಸ್ತಾಗಲಿಲ್ಲ. ಅದಕ್ಕೆ ರಾಗ ಬಂತು! ಕಹಳೆ ಊದಿದಂತೆ "ಭೋಂ" ಎಂದು ಒಂದೇ ಸಮನೆ ಶುರುವಾದದ್ದು ಹೆಬ್ಬಾಳದವರೆಗೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಜನ ಯಾವುದೋ ಉತ್ಸವ ಬರುತ್ತಿದೆಯೆಂದು ಮನೆಯಿಂದ ಹೊರಗೆ ಬಂದು ನಿಂತರು. ಒಬ್ಬ ಅಜ್ಜಿ ಕೈಯೂ ಮುಗಿದಳು. ಹೆಬ್ಬಾಳದಲ್ಲಿ ಟ್ರಾಫಿಕ್ ಪೇದೆ ಕೈ ಅಡ್ಡ ಹಿಡಿದ.

"ಯಾಕ್ರೀ ಒಂದೇ ಸಮ ಹಾರ್ನ್ ಹೊಡೀತೀರಾ? ಕೈ ತೆಗೀರೀ ಅದರ ಮೇಲಿಂದ!"

"ಹಾರ್ನ್ ಅಲ್ಲ ಸಾರ್."

"ಮತ್ತೇನ್ರೀ ಅದು?"

"ಸೈಲೆನ್ಸರ್ ಸಾರ್."

ಅವನು ಲಾರಿಯ ಹಿಂದೆ ಹೋಗಿ ಕೊಳವೆಯನ್ನು ಬುಡದಿಂದ ತುದಿಯವರೆಗೆ ನೋಡಿ ಬಂದ. ಆಮೇಲೆ ಅಲ್ಲೇ ನಿಂತು ಕೊಳವೆ ಬಿಚ್ಚಿಸಿ, ಸೀಟಿನ ಮೇಲೆ ನನ್ನ ಪಕ್ಕದಲ್ಲಿ ಮಲಗಿಸಿ ಕಳಿಸಿದ. ಆ ಕೊಳವೆ ಮತ್ತೆ ಬಚ್ಚಲ ಒಲೆಗೆ ಸರಿಹೊಂದಲಿಲ್ಲ. ಅಂದಿನಿಂದ ಬಚ್ಚಲ ತುಂಬ ಹೊಗೆ, ಸರೋಜ ಸ್ನಾನ ಮುಗಿಸಿ ಬಂದರೆ ಮೊದಲಿಗಿಂತ ಒಂದು ಬಣ್ಣ ಕಮ್ಮಿ.

ಯುಗಾದಿಗೆ ಐದು ದಿನ ಉಳಿದಾಗ ನಾನು ಸೋಲೊಪ್ಪಿಕೊಂಡು ಆರ್.ಟಿ. ನಗರದ ರಹಮತ್ ಸಾಬರ ಶೆಡ್ಡಿಗೆ ಹೋದೆ. ಸಾಬರು ವಯಸ್ಸಾದ ಮೆಕ್ಯಾನಿಕ್. ಅವರು ಎಂಜಿನ್ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

"ಅರೆ ಸಾಬ್, ಇದಕ್ಕೆ ಸೈಲೆನ್ಸರ್ರೇ ಇಲ್ಲ. ಬರೀ ತೂತು ಪೈಪ್ ಐತೆ. ಒಂದು ಸೈಲೆನ್ಸರ್ ಹಾಕ್ತೀನಿ."

"ಎರಡು ಹಾಕಿ ಸಾಬ್ರೇ."

"ಎರಡು ಹಾಕಿದ್ರೆ ಗಾಡಿಗೆ ದಮ್ ಕಟ್ತದೆ."

"ಕಟ್ಟಲಿ. ಇದು ಮನೆ ಪ್ರಶ್ನೆ."

ಸಾಬರು ಗುಜರಿ ಬಸ್ಸುಗಳ ಎರಡು ಸೈಲೆನ್ಸರ್ ತಂದು ಒಂದರ ಹಿಂದೆ ಒಂದು ಬೆಸುಗೆ ಹಾಕಿದರು. ಹಳೆಯ ತೂತು ಪೈಪನ್ನು ನನ್ನ ಕೈಗಿಟ್ಟು, "ಇದು ಬಿಸಾಕ್ಬೇಡಿ ಸಾಬ್, ಮಿಲಿಟರಿ ಮಾಲ್" ಎಂದರು. ನಾನು ತಲೆಯಾಡಿಸಿದೆ. ಮಾರನೆಯ ದಿನ "ಹಳೇ ಕಬ್ಬಿಣಕ್ಕೆ ಖರ್ಜೂರಾ!" ಎಂದು ಕೂಗುತ್ತ ಗಾಡಿಯವನು ಬಂದಾಗ ಆ ಪೈಪ್ ಕೊಟ್ಟು ಒಂದು ಮೊರ ಖರ್ಜೂರ ತೆಗೆದುಕೊಂಡೆ.

ಲಾರಿ ಈಗ ನಿಜಕ್ಕೂ ಮೌನಿ. ಶಕ್ತಿಯೂ ಹೋಗಿತ್ತೆನ್ನಿ. ಏರಿನಲ್ಲಿ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಗಾಡಿಯವನು ತಿರುಗಿ "ಅಗ್ಗ ಕಟ್ಟಿ ಎಳೀಲಾ ಸ್ವಾಮಿ?" ಎಂದು ಕೇಳಿದ. ಆದರೆ ನನಗೆ ಬೇಕಾದದ್ದು ಮುನಿಯಮ್ಮನವರ ಮಾತು. ಅವರು ಬಾನೆಟ್ಟಿಗೆ ಕಿವಿಯಿಟ್ಟು, "ಓಡ್ತಾ ಐತಾ?" ಎಂದರು. "ಓಡ್ತಾ ಇದೆ" ಎಂದೆ. "ಬೇಷ್! ಮನೆ ಖಾಲಿ ಮಾಡೋದೇನೂ ಬ್ಯಾಡ" ಎಂದುಬಿಟ್ಟರು. ಆ ಸಂತೋಷಕ್ಕೆ ನಾಲ್ಕು ಮನೆಗೂ ಖರ್ಜೂರ ಹಂಚಿದೆ. ಅಂದು ಸಂಜೆ ಕೈ ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ಓಡಾಡಿದ ಓಡಾಟ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮಾರನೆಯ ಬೆಳಿಗ್ಗೆ ಲಚ್ಚಿ ಹಾಲು ಕೊಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮುನಿಯಮ್ಮನವರು ಬೂಸಾ ಇಟ್ಟರು, ಕರು ಬಿಟ್ಟರು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಲಚ್ಚಿ ಕದಲದೆ ಲಾರಿಯನ್ನೇ ನೋಡುತ್ತ ನಿಂತಿದ್ದಳು. ಯುಗಾದಿಯ ದಿನವೂ ಹಾಲಿಲ್ಲ. ಕಾಫಿ ಇಲ್ಲದ ವಠಾರದಲ್ಲಿ ಬೇವೊಂದೇ ಉಳಿದಿತ್ತು. ಪಕ್ಕದ ಮನೆಯ ಧಾರವಾಡದ ಪಾಟೀಲರು, "ಕರೀ ಚಾ ಕುಡದ ಕುಡದ ನಾಲಿಗೀನ ಸತ್ತ ಹೋತ್ರೀ" ಎಂದು ಗೋಳಾಡಿದರು.

ಗುಟ್ಟು ಹೊಳೆದದ್ದು ಸರೋಜಳಿಗೆ.

"ರೀ, ಲಚ್ಚಿ ಚೊಚ್ಚಲು ಕರು ಹಾಕಿದಾಗಿಂದ ಹಾಲು ಕರೆಯೋ ಹೊತ್ತಿಗೇ ನೀವು ಲಾರಿ ಸ್ಟಾರ್ಟ್ ಮಾಡ್ತಿದ್ರಿ. ಆ ಸದ್ದು ಕೇಳಿದ್ರೇನೇ ಅದು ಹಾಲು ಬಿಡೋದು. ಅಭ್ಯಾಸ ಆಗ್ಬಿಟ್ಟಿದೆ!"

ಮುನಿಯಮ್ಮನವರು ಚೊಂಬು ಕುಕ್ಕಿ ಎದ್ದು ನಿಂತರು.

"ಕಿಟ್ಟಪ್ಪ! ಈಗಿಂದೀಗ್ಲೇ ಮೊದ್ಲಿನಂಗೆ ಸದ್ದು ಮಾಡ್ಸು. ಇಲ್ದಿದ್ರೆ ಮನೆ ಖಾಲಿ ಮಾಡು!"

ಅದೇ ಶಿಕ್ಷೆ, ಅಪರಾಧ ಮಾತ್ರ ತಿರುಗುಮುರುಗು. ಓಡಿಹೋಗಿ ರಹಮತ್ ಸಾಬರನ್ನು ಕರೆತಂದೆ. ಅವರು ಎರಡೂ ಸೈಲೆನ್ಸರ್ ಕೊಯ್ದು ಹಾಕಿದರು. ಹ್ಯಾಂಡಲ್ ತಿರುಗಿಸಿದೆ. ಯಾವ ಪೈಪೂ ಇಲ್ಲದ ಎಂಜಿನ್ ಬಾಂಬಿನಂತೆ ಸಿಡಿಯಿತು. ಇನ್ನೆರಡು ಹೆಂಚು ಬಿದ್ದವು. ಲಚ್ಚಿ ಚೊಂಬನ್ನು ಒದ್ದು, ಹಗ್ಗ ಕಿತ್ತು, ಬಾಲವೆತ್ತಿ ಓಡಿದಳು. ಇಡೀ ವಠಾರ ಅವಳ ಹಿಂದೆ. ಕೊನೆಗೆ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನಲ್ಲಿ, ಟಿಕೆಟ್ ಕಿಟಕಿಯ ಮುಂದೆ! ಊರು ಬಿಟ್ಟೇ ಹೋಗುವ ಮನಸ್ಸು ಮಾಡಿದ್ದಳೋ ಏನೋ. ನನಗೂ ಅವಳ ಜೊತೆ ಹೋಗಿಬಿಡೋಣ ಎನ್ನಿಸಿತು.

ಅವಳನ್ನು ಹಿಡಿದು ತಂದು ಕಟ್ಟಿದ ಮೇಲೆ ಮುನಿಯಮ್ಮನವರು ಚೊಂಬು ಹಿಡಿದು ಮತ್ತೆ ಕರೆಯಲು ಕೂತರು. ಸಾಬರು ಬೆವರು ಒರೆಸಿಕೊಂಡು, "ಇದಕ್ಕೆ ಹಳೇ ಸದ್ದೇ ಬೇಕು ಸಾಬ್. ಆ ಹಳೇ ಪೈಪ್ ಕೊಡಿ, ಹಾಕ್ಬಿಡ್ತೀನಿ. ಎಲ್ಲೈತೆ?" ಎಂದರು.

ನಾನು ತಲೆ ತಗ್ಗಿಸಿದೆ. "ತಿಂದ್ಬಿಟ್ವಿ."

ಸಾಬರು ನನ್ನ ಹೊಟ್ಟೆ ನೋಡಿದರು. "ಪೈಪಾ?"

"ಎಲ್ರೂ ಸೇರಿ ತಿಂದ್ವಿ ಸಾಬ್ರೇ" ಎಂದಳು ಸರೋಜ. "ಮುನಿಯಮ್ಮನೋರು ಐದು ತಿಂದ್ರು."

ಖರ್ಜೂರದ ಕಥೆ ಕೇಳಿ ಸಾಬರು ಹಣೆ ಚಚ್ಚಿಕೊಂಡರು. "ಹೋಗ್ಲಿ, ಆ ಸದ್ದು ಹೆಂಗಿತ್ತು ಒಂದ್ಸಲ ಹೇಳಿ. ಬೇರೆ ಪೈಪಿಗೆ ಹಂಗೇ ತೂತು ಹೊಡೀತೀನಿ."

ಎರಡು ವರ್ಷ ಆ ಲಾರಿಯೊಡನೆ ಬಾಳಿದವನು ನಾನು. ಅದರ ಸದ್ದು ನನಗೆ ಬಾಯಿಪಾಠ. ಎರಡು ಸಲ ಕೆಮ್ಮಿ, ಕೆನ್ನೆಯುಬ್ಬಿಸಿ, "ಗುಡು ಗುಡು ಗುಡು ಫಟ್! ಗುಡು ಗುಡು ಗುಡು ಫಟ್!" ಎಂದೆ.

ಹಿಂದಿನಿಂದ ಲಚ್ಚಿ ಪ್ರೀತಿಯಿಂದ ಕೂಗಿದಳು. ಚೊಂಬಿಗೆ ಹಾಲು ಚರ್ರೆಂದು ಬಿದ್ದ ಸದ್ದು.

"ನಿಲ್ಲಿಸ್ಬ್ಯಾಡ ಕಿಟ್ಟಪ್ಪ!" ಮುನಿಯಮ್ಮನವರು ಕಿರುಚಿದರು. "ಆಲು ಬಿಡ್ತಾವ್ಳೆ! ಒಡೀ, ಒಡೀ!"

ಕಾಲು ಗಂಟೆ ಹೊಡೆದೆ. ಗಂಟಲು ಒಣಗಿ ನಿಲ್ಲಿಸುವಷ್ಟರಲ್ಲಿ ಸರೋಜ ಕಿವಿಯ ಹತ್ತಿರ ಬಂದು, "ರೀ, ಗೇರ್ ಬದಲಾಯಿಸ್ರೀ, ಇನ್ನೂ ಅರ್ಧ ಸೇರು ಬರ್ಬೇಕಂತೆ" ಎಂದಳು.

ಮನೆ ಉಳಿಯಿತು. ಮಾನದ ಮಾತು ಬೇಡ. ಸಾಬರು ಆಮೇಲೆ ಮೂರು ಪೈಪಿಗೆ ತೂತು ಹೊಡೆದು ನೋಡಿದರು. ಲಚ್ಚಿ ಮೂರನ್ನೂ ತಿರಸ್ಕರಿಸಿದಳು. ಕೊನೆಗೆ ಲಾರಿಗೆ ಒಂದೇ ಸೈಲೆನ್ಸರ್ ಹಾಕಿಸಿದೆ. ಅಂದಿನಿಂದ ದಿನಾ ಬೆಳಿಗ್ಗೆ ಐದೂವರೆಗೆ ಅಂಗಳದ ಆ ಕಡೆ ಲಾರಿ ತೆಪ್ಪಗೆ ಬಿಸಿಯಾಗುತ್ತಿತ್ತು. ಈ ಕಡೆ ಎಮ್ಮೆಯ ಪಕ್ಕದಲ್ಲಿ ನಿಂತು ನಾನು ಸದ್ದು ಮಾಡುತ್ತಿದ್ದೆ. ಪಾಟೀಲರು ನನ್ನ ಮೊದಲನೆಯ ಫಟ್‌ಗೆ ಎದ್ದು ಹಲ್ಲುಜ್ಜುತ್ತಿದ್ದರು.

ಹೀಗೆ ಆರು ತಿಂಗಳು ನಡೆಯಿತು. ಒಂದು ದಿನ ಲಾರಿಯ ಹ್ಯಾಂಡಲ್ ಹಿಂದಕ್ಕೆ ಹೊಡೆದು ನನ್ನ ಮುಂದಿನ ಹಲ್ಲೊಂದು ಉದುರಿತು. ಮರುದಿನ ಬೆಳಿಗ್ಗೆ ಎಷ್ಟು ಕೆನ್ನೆಯುಬ್ಬಿಸಿದರೂ "ಫಟ್" ಬರಲಿಲ್ಲ, "ಫುಸ್" ಬಂತು. ಲಚ್ಚಿ ಅರ್ಧಕ್ಕೇ ಹಾಲು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದಳು. ಲಾರಿ ನೋಡಲು ಬಂದಿದ್ದ ರಹಮತ್ ಸಾಬರು ಕಣ್ಣು ಮುಚ್ಚಿ, ತಲೆ ವಾಲಿಸಿ, ನನ್ನ ಸದ್ದನ್ನು ಗಮನವಿಟ್ಟು ಕೇಳಿದರು.

"ಸಾಬ್, ನಾಲ್ಕನೇ ಸಿಲಿಂಡರ್ ಮಿಸ್ ಆಗ್ತಾ ಐತೆ."

ಮುನಿಯಮ್ಮನವರು "ಮನೆ..." ಎಂದು ಬಾಯಿ ತೆರೆದರು. ಅವರು ಮಾತು ಮುಗಿಸುವುದರೊಳಗೆ ನಾನು ಬಸ್ ಹಿಡಿದು ಯಶವಂತಪುರದಲ್ಲಿದ್ದ ಹಲ್ಲಿನ ಡಾಕ್ಟರ ಬಳಿ ಹೋಗಿ ಕುರ್ಚಿಯಲ್ಲಿ ಕೂತಿದ್ದೆ.

ಡಾಕ್ಟರು ದೀಪ ಹಾಕಿ ಬಾಯೊಳಗೆ ಇಣುಕಿ ನೋಡಿದರು. "ಒಂದೇ ಹಲ್ಲು ತಾನೇ? ಇಷ್ಟು ಗಾಬರಿ ಯಾಕೆ? ಅಗಿಯೋಕೆ ಕಷ್ಟ ಆಗುತ್ತಾ?"

"ಅಗಿಯೋಕೇನೂ ಇಲ್ಲ ಡಾಕ್ಟ್ರೇ" ಎಂದೆ. "ಸ್ಟಾರ್ಟಿಂಗ್ ತೊಂದ್ರೆ."