ಹಿಂದಿನ ಸೀಟಿನ ಗೋಳು

ಕಾರು ಕೂಗತೊಡಗಿ ವಾರವಾಗಿತ್ತು. ಕೀಲಿ ತಿರುಗಿಸಿದ ಕ್ಷಣದಿಂದ ಹಿಂದಿನ ಸೀಟಿನಡಿ ‘ಗುಂಯ್’ ಎಂದು ಶುರುವಾಗಿ, ಸೊಳ್ಳೆಯ ಕೈಗೆ ಮೈಕು ಕೊಟ್ಟಂತೆ ದಾರಿಯುದ್ದಕ್ಕೂ ಎಳೆಯುತ್ತಿತ್ತು. ಗ್ರಂಥಪಾಲಕರಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ವಾಚನಾಲಯದಲ್ಲಿ ಯಾರಾದರೂ ಕೆಮ್ಮಿದರೂ ಸಹಿಸದ ಮನುಷ್ಯ ಮನೆಯಿಂದ ಹೊರಟರೆ, ಇಡೀ ಬೀದಿ ಕಿಟಕಿಗೆ ಬಂದು ನಿಲ್ಲುತ್ತಿತ್ತು.

ರಜೆಯ ದಿನ ಬೆಳಗ್ಗೆ ಹೆಂಡತಿ ಕಡ್ಡಿ ಮುರಿದಂತೆ ಹೇಳಿದರು. “ರೀ, ಸಂಜೆ ನನ್ನ ತಮ್ಮ ಬರ್ತಾನೆ. ಅಷ್ಟರೊಳಗೆ ಇದರ ಬಾಯಿ ಮುಚ್ಚಿಸಿದ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಅವನು ತಗೊಂಡು ಹೋಗ್ಲಿ.”

ಗ್ರಂಥಪಾಲಕರ ಪಿತ್ತ ನೆತ್ತಿಗೇರಿತು. ಮದುವೆಗೆ ಮುಂಚೆ ಕೊಂಡ ಕಾರು ಅದು. ಆ ಮನೆಯಲ್ಲಿ ಹೆಂಡತಿಗಿಂತ ಹಿರಿಯದು. ಅದನ್ನು ಭಾವಮೈದುನನಿಗೆ ಧಾರೆಯೆರೆಯುವುದೇ? ಬೇಕಾದಷ್ಟು ಕೂಗಾಡಿ, ಹಿಂದಿನ ಸೀಟು ಕಿತ್ತು ಕಿವಿಯಿಟ್ಟು, ಹೆಂಡತಿಗೇ ಕೀಲಿ ತಿರುಗಿಸಲು ಹೇಳಿದರು. ಇಂಜಿನ್ನು ಇನ್ನೂ ಎದ್ದಿರಲಿಲ್ಲ, ಆಗಲೇ ಗುಂಯ್.

“ಫ್ಯೂಯೆಲ್ ಪಂಪು,” ಎಂದರು. “ಟ್ಯಾಂಕಿಂದ ಪೆಟ್ರೋಲ್ ತಳ್ಳುತ್ತಲ್ಲ, ಅದು.”

“ಚಕ್ರದ ಬೇರಿಂಗು,” ಎಂದಿತು ಮೇಲಿನಿಂದ ಒಂದು ದನಿ. ಮಹಡಿ ಮನೆಯ ನಿವೃತ್ತ ಬಸ್ ಡ್ರೈವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. “ಜೀವಮಾನವೆಲ್ಲ ಸ್ಟೇರಿಂಗ್ ಹಿಡ್ದಿದ್ದೀನಿ ಸಾರ್.”

ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. “ಪೇಷೆಂಟು ಹಿಂದಿನ ಹಲ್ಲು ತೋರಿಸ್ತಾನೆ, ಹುಳುಕು ಮುಂದಿರುತ್ತೆ. ಬಾನೆಟ್ ತೆಗೀರಿ.”

ಮಧ್ಯಾಹ್ನದ ಹೊತ್ತಿಗೆ ಕಾರು ನಾಲ್ಕು ಚಕ್ರವನ್ನೂ ಕಳಚಿಕೊಂಡು ಇಟ್ಟಿಗೆಗಳ ಮೇಲೆ ಕೂತಿತ್ತು. ಡಾಕ್ಟರು ಟಾರ್ಚು ಹಿಡಿದು ಇಂಜಿನ್ನಿನ ಒಸಡು ಪರೀಕ್ಷಿಸುತ್ತಿದ್ದರು.

“ಪಂಪು ಅಂತ ಬೆಳಗ್ಗೆಯಿಂದ ಬಡ್ಕೋತಿದ್ದೀನಿ,” ಎಂದರು ಗ್ರಂಥಪಾಲಕರು.

“ಸ್ವಲ್ಪ ಸುಮ್ನಿರಿ ಸಾರ್,” ಎಂದರು ಡ್ರೈವರು.

ಜೀವನದುದ್ದಕ್ಕೂ ತಾವು ಊರಿಗೆಲ್ಲ ಹೇಳಿದ ಮಾತನ್ನು, ತಮ್ಮದೇ ಮನೆಯಂಗಳದಲ್ಲಿ, ತಮ್ಮದೇ ಸ್ಪ್ಯಾನರು ಹಿಡಿದವನ ಬಾಯಲ್ಲಿ ಕೇಳುವುದೆಂದರೆ ಯಾರಿಗೆ ಮೈ ಉರಿಯುವುದಿಲ್ಲ?

ಹೇಗೋ ಎಲ್ಲವನ್ನೂ ಜೋಡಿಸಿ, ಡ್ರೈವರೇ ಸ್ಟೇರಿಂಗ್ ಹಿಡಿದು, ಮೂವರೂ ಒಂದು ಸುತ್ತು ಹೊರಟರು. ಗುಂಯ್ ಎಂಬುದು ಇನ್ನಷ್ಟು ಜೋರಾಗಿ, ಮುಖ್ಯರಸ್ತೆಯಲ್ಲಿ ಒಮ್ಮೆ ಬಿಕ್ಕಿ, ಕಾರು ನಿಂತೇಬಿಟ್ಟಿತು.

ಡ್ರೈವರು ಪೆಟ್ರೋಲ್ ತೋರಿಸುವ ಮುಳ್ಳು ನೋಡಿದರು. “ಸಾರ್, ಪೆಟ್ರೋಲೇ ಇಲ್ವಲ್ಲ.”

“ನಾನು ಯಾವಾಗ್ಲೂ ಆಯಾ ದಿನಕ್ಕೆ ಬೇಕಾದಷ್ಟೇ ಹಾಕಿಸೋದು,” ಎಂದರು ಗ್ರಂಥಪಾಲಕರು ಹೆಮ್ಮೆಯಿಂದ.

“ಹಂಗಾದ್ರೆ ಇನ್ನೇನು? ಪಂಪು ಪೆಟ್ರೋಲಲ್ಲಿ ಮುಳುಗಿದ್ರೇನೇ ತಣ್ಣಗಿರೋದು. ಇಷ್ಟು ವರ್ಷ ಒಣಗಿಸಿದ್ರೆ ಒಂದಿನ ಕೂಗದೆ ಏನ್ಮಾಡುತ್ತೆ? ನನಗೆ ಬೆಳಗ್ಗೇನೇ ಅನುಮಾನ ಇತ್ತು, ಪಂಪೇ ಅಂತ.”

“ನನಗೂ,” ಎಂದರು ಡಾಕ್ಟರು.

ಗ್ರಂಥಪಾಲಕರು ಬಾಗಿಲು ತೆರೆದು ಇಳಿದರು. ಸ್ಟೇರಿಂಗ್ ಹಿಡಿಯಲು ಅನುಭವಸ್ಥರು ಬೇಕೆಂದು ಡ್ರೈವರು ಇಳಿಯಲಿಲ್ಲ; ಸೊಂಟನೋವೆಂದು ಡಾಕ್ಟರೂ ಇಳಿಯಲಿಲ್ಲ. ಇಬ್ಬರನ್ನೂ ಕೂರಿಸಿಕೊಂಡ ಕಾರನ್ನು ಮಾಲೀಕರೊಬ್ಬರೇ ಬಂಕಿನವರೆಗೆ ತಳ್ಳಿದರು. ಅವರು ಏದುಸಿರು ಬಿಡುತ್ತ ಮುಂದೆ ಬರುವಷ್ಟರಲ್ಲಿ ಡ್ರೈವರು ಕಿಟಕಿಯಿಂದ ಕೈಯಾಡಿಸಿ “ಫುಲ್ ಮಾಡಪ್ಪಾ” ಎಂದಾಗಿತ್ತು. ಆ ಕಾರು ಜನ್ಮದಲ್ಲೇ ಕೇಳದ ಮಾತು.

ಕೀಲಿ ತಿರುಗಿಸಿದರೆ ಇಂಜಿನ್ನು ಎದ್ದಿತು, ಹಿಂದಿನ ಸೀಟಿನಡಿ ನಿಶ್ಶಬ್ದ. ಪರ್ಸು ಖಾಲಿಯಾದ ಸಂಕಟ ಒಂದು ಕಡೆಯಾದರೆ, ಕಾರು ಉಳಿಯಿತೆಂಬ ಸಂತೋಷಕ್ಕೆ ಗ್ರಂಥಪಾಲಕರ ಕಣ್ಣು ತುಂಬಿ ಬಂತು.

ಗೇಟಿನಲ್ಲಿ ಭಾವಮೈದುನ ಅಕ್ಕನ ಜೊತೆ ನಿಂತಿದ್ದ. “ಭಾವ, ನಿಜ ಹೇಳ್ಲಾ? ಕಾರು ಬೇಡ ಅಂತ ಹೇಳೋಕೇ ಬಂದಿದ್ದೆ. ಅಕ್ಕ ಫೋನಲ್ಲಿ ಆ ಸದ್ದು ಕೇಳಿಸಿದಾಗ ಹೆದರಿಬಿಟ್ಟೆ. ಈಗ ನೋಡಿದ್ರೆ ಬಂದಿದ್ದೇ ಗೊತ್ತಾಗ್ಲಿಲ್ಲ.”

“ಗೊತ್ತಾಗೋದು ಹೇಗೆ?” ಎಂದರು ಡಾಕ್ಟರು. “ನಿಮ್ಮ ಭಾವ ಊಟ ಬಿಟ್ಟು ರಿಪೇರಿ ಮಾಡಿಸಿದ್ದಾರೆ.”

“ಟ್ಯಾಂಕೂ ತುಂಬಿಸಿದ್ದಾರೆ,” ಎಂದರು ಡ್ರೈವರು.

ಭಾವಮೈದುನ ಬಂದು ತಬ್ಬಿಕೊಂಡೇಬಿಟ್ಟ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿಮಗೋಸ್ಕರ ಒಂದಿನಾನೂ ಟ್ಯಾಂಕ್ ತುಂಬಿಸಿದವರಲ್ಲ. ನನ್ನ ತಮ್ಮನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡು, ಬೆಳಗ್ಗೆ ಯಾಕ್ರೀ ಹಾಗೆ ಕೂಗಾಡಿದ್ರಿ?”

ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಅವರನ್ನು ಹಾಗೆ ಮೆಚ್ಚಿ ನೋಡಿದ್ದೇ ಇಲ್ಲ. ಗ್ರಂಥಪಾಲಕರು ತೆರೆದ ಬಾಯನ್ನು ಹಾಗೇ ಮುಚ್ಚಿ ಕೀಲಿಯನ್ನು ಭಾವಮೈದುನನ ಕೈಗಿಟ್ಟರು.

ಗೇಟು ದಾಟುವಾಗ ಭಾವಮೈದುನ ಕಿಟಕಿಯಿಂದ ತಲೆ ಹೊರಹಾಕಿದ. “ಭಾವ, ಸಂಕೋಚ ಬೇಡ. ಯಾವಾಗ ಬೇಕಾದ್ರೂ ಕೇಳಿ, ಕಾರು ಕೊಡ್ತೀನಿ. ವಾಪಸ್ ಕೊಡುವಾಗ ಟ್ಯಾಂಕ್ ಮಾತ್ರ ಹೀಗೇ ತುಂಬಿಸಿ ಕೊಡಿ.”