ಹೆಡ್ಡಾಫೀಸಿಗೆ ಹೋಗದ ಹೂಂ

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ನಮ್ಮ ಯಜಮಾನರು ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಪತ್ರಿಕೆ ಬಿಡಿಸಿಕೊಂಡು, ಹಿಂದೆ ತಿರುಗಿಯೂ ನೋಡದೆ ಕೂತರು. ಕೂರಲು ಕುರ್ಚಿ ಇರಲಿಲ್ಲ. ಹನ್ನೆರಡು ವರ್ಷ ಅವರ ಬೆನ್ನಿನ ಅಳತೆಗೆ ತಗ್ಗಿಕೊಟ್ಟಿದ್ದ ಆರಾಮಕುರ್ಚಿಯ ಜಾಗದಲ್ಲಿ ಅದರ ಕಾಲಿನ ಗುರುತು ಮಾತ್ರ ಉಳಿದಿತ್ತು. ನೆಲವೇ ಅವರನ್ನು ಬರಮಾಡಿಕೊಂಡಿತು.

“ಕುರ್ಚಿ ಎಲ್ಲೇ?”

“ನನ್ನ ತಮ್ಮ ತಗೊಂಡು ಹೋದ,” ಎಂದಳು ಹೆಂಡತಿ. “ಕೊಡ್ಲಾ ಅಂತ ಮೊನ್ನೆ ನಿಮ್ಮನ್ನೇ ಕೇಳಿದೆ. ಹೂಂ ಅಂದ್ರಿ.”

“ಪತ್ರಿಕೆ ಓದ್ತಾ ಇದ್ದೆ ಕಣೇ.”

“ಓದ್ತಾನೇ ಅಂದ್ರಿ.”

“ನಾನೂ ಕೇಳಿಸ್ಕೊಂಡೆ,” ಎಂದರು ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ತಾಯಿ. (ಹೆತ್ತ ತಾಯಿಯೇ ಎದುರು ಪಕ್ಷದ ಸಾಕ್ಷಿಯಾದರೆ ಗಂಡಸು ಯಾರ ಮೊರೆ ಹೋಗಬೇಕು?)

ಯಜಮಾನರು ವಿಜ್ಞಾನದ ಮೊರೆ ಹೋದರು. ಹಿಂದಿನ ವಾರ ಕಚೇರಿಯಲ್ಲಿ ವೈದ್ಯರೊಬ್ಬರು ಬೆನ್ನುನೋವಿನ ಬಗ್ಗೆ ಭಾಷಣ ಮಾಡಿದ್ದರು. ಅದರ ಮೊದಲರ್ಧವನ್ನು ಇವರು ಎಚ್ಚರವಾಗಿದ್ದು ಕೇಳಿದ್ದರು.

“ನರ ಅಂದ್ರೆ ಟಪಾಲು ಇದ್ದ ಹಾಗೆ. ಬೆರಳು ಬಿಸಿ ಪಾತ್ರೆ ಮುಟ್ಟಿತು ಅಂತಿಟ್ಕೋ. ಆ ಸುದ್ದಿ ಮೆದುಳು ಅನ್ನೋ ಹೆಡ್ಡಾಫೀಸಿಗೆ ಹೋಗಿ ಅಪ್ಪಣೆ ಬರೋವರೆಗೆ ಕಾದ್ರೆ ಬೆರಳು ಬೆಂದೇ ಹೋಗುತ್ತೆ. ಅದಕ್ಕೇ ಬೆನ್ನುಹುರಿ ಅನ್ನೋ ಬ್ರಾಂಚ್ ಆಫೀಸು ‘ಕೈ ತೆಗಿ’ ಅಂತ ತಾನೇ ಹುಕುಂ ಕಳಿಸಿಬಿಡುತ್ತೆ. ಹೆಡ್ಡಾಫೀಸಿಗೆ ತಿಳಿಯೋದು ಆಮೇಲೆ. ನನ್ನ ಹೂಂ ಕೂಡ ಬ್ರಾಂಚಿನದೇ. ಅದು ಚಲಾವಣೆ ಆಗಲ್ಲ, ಕುರ್ಚಿ ವಾಪಸ್ ತರಿಸು.”

ಹೆಂಡತಿ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಹದಿನೈದು ವರ್ಷದಿಂದ ನರ್ಸು. ಈ ಸಣ್ಣ ವಿಷಯ ಯಜಮಾನರಿಗೆ ಆ ಹೊತ್ತಿನಲ್ಲಿ ಮರೆತುಹೋಗಿತ್ತು.

“ಕಿವಿ ಇರೋದು ಕುತ್ತಿಗೆಯಿಂದ ಮೇಲೆ ಕಣ್ರೀ. ಅದರ ಟಪಾಲು ನೇರ ಮೆದುಳಿಗೇ ಹೋಗೋದು,” ಎಂದಳು. “ಬೇಕಾದ್ರೆ ಪರೀಕ್ಷೆ ಮಾಡೋಣ. ನೀವು ಓದ್ತಾ ಇರಿ, ನಾನು ಕೇಳ್ತಾ ಇರ್ತೀನಿ. ಮೆದುಳಿಗೆ ಗೊತ್ತಾಗದೇ ಹೂಂ ಬರುತ್ತೆ ಅಂತ ತೋರಿಸಿದ್ರೆ ನಾಳೆನೇ ಕುರ್ಚಿ ತರಿಸ್ತೀನಿ. ಗೊತ್ತಾಗ್ತಿತ್ತು ಅಂತಾದ್ರೆ, ಅಂದ ಹೂಂ ಎಲ್ಲಾ ನಡೆಸಿಕೊಡಬೇಕು.”

ಯಜಮಾನರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಷ್ಟು ಖುಷಿಯಾಯಿತು. ಏನು ಕೇಳಿದರೂ ಹೂಂ ಅಂದುಬಿಟ್ಟರೆ ಕುರ್ಚಿ ಬಂದಂತೆಯೇ. ಸ್ಟೂಲಿನ ಮೇಲೆ ಕೂತು ಮುಖಕ್ಕೆ ಪತ್ರಿಕೆ ಅಡ್ಡ ಹಿಡಿದರು.

“ಇನ್ಮೇಲೆ ಬೆಳಗಿನ ಕಾಫಿ ನೀವೇ ಮಾಡ್ತೀರಾ?”

“ಹೂಂ.”

“ಪ್ರತಿ ಭಾನುವಾರ ಫ್ಯಾನು, ಕಿಟಕಿ ಎಲ್ಲಾ ಒರೆಸ್ತೀರಾ?”

“ಹೂಂ.”

“ನಿಮ್ಮಕ್ಕನ ಅಡುಗೆಗಿಂತ ನನ್ನ ಅಡುಗೆ ವಾಸಿ, ಅಲ್ವಾ?”

“ಹೂಂ.”

ಬಟಾಣಿ ಬಿಡಿಸುವ ಕೈ ನಿಂತಿತು. ಪತ್ರಿಕೆಯ ಹಿಂದೆ ಯಜಮಾನರು ಒಳಗೊಳಗೇ ಬೀಗುತ್ತಿದ್ದರು.

“ಕುರ್ಚಿ ಬಟ್ಟೆ ಜೀರ್ಣವಾಗಿದೆಯಂತೆ,” ಹೆಂಡತಿ ಅದೇ ದನಿಯಲ್ಲಿ ಮುಂದುವರಿಸಿದಳು. “ಕುರ್ಚಿ ಕಾಲು ಕುಯ್ದು, ನಾಯಿಗೆ ಗೂಡು ಮಾಡ್ತೀನಿ ಅಂದ ತಮ್ಮ. ಮಾಡು ಅನ್ಲಾ?”

“ಬೇಡ, ಬೇಡ, ಫೋನ್ ಮಾಡೇ ಅವನಿಗೆ,” ಎಂದು ಯಜಮಾನರು ಎದ್ದು ನಿಂತರು. ಪತ್ರಿಕೆ ನೆಲಕ್ಕೆ ಬಿತ್ತು.



“ಹೆಡ್ಡಾಫೀಸು ತೆಗೆದೇ ಇತ್ತಲ್ಲೋ,” ಎಂದರು ತಾಯಿ. “ನಿಮ್ಮಕ್ಕನ ಅಡುಗೆ ವಿಷಯ ಆಮೇಲೆ ಮಾತಾಡ್ತೀನಿ.”

“ತಮ್ಮ ಏನೂ ಕುಯ್ಯಲ್ಲ, ಹೆದರ್ಬೇಡಿ,” ಎಂದಳು ಹೆಂಡತಿ. “ಹಾಯಾಗಿ ಅದರಲ್ಲಿ ಕೂತು ಪತ್ರಿಕೆ ಓದ್ತಾ ಇದ್ದಾನಂತೆ.”

ಮರುದಿನ ಬೆಳಿಗ್ಗೆ ಯಜಮಾನರು ಕಾಫಿಗೆ ಹಾಲಿಟ್ಟರು. ಉಕ್ಕುತ್ತಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದರು. ಕೈ ತಾನೇ ಹಿಂದಕ್ಕೆ ಬಂತು, ಹಾಲು ಒಲೆಯಿಂದ ಬಾಗಿಲತನಕ ಹರಿಯಿತು.

ಹೆಂಡತಿ ಅವರ ಬೆರಳನ್ನು ನಲ್ಲಿ ನೀರಿಗೆ ಹಿಡಿದು, ಬೊಬ್ಬೆ ಬಂದಿಲ್ಲವೆಂದು ನೋಡಿ, ಇನ್ನೊಂದು ಕೈಗೆ ಒರೆಸುವ ಬಟ್ಟೆ ಕೊಟ್ಟಳು.

“ಇದು ಬ್ರಾಂಚ್ ಆಫೀಸಿನ ಕೆಲಸವೇ, ಒಪ್ಕೊಂಡೆ,” ಎಂದಳು. “ಒರೆಸೋಕೆ ಮಾತ್ರ ಹೆಡ್ಡಾಫೀಸು ಹೇಳ್ಬೇಕು. ಹೇಳುತ್ತೆ ತಾನೇ?”

ಯಜಮಾನರು ಬಗ್ಗಿ, “ಹೂಂ” ಎಂದರು.