ಡಾಕ್ಟರನ್ನು ನೋಡದೆ ಬರುವ ವ್ರತ

ಪ್ರತಿ ಶನಿವಾರ ತಪ್ಪದೆ ಆಸ್ಪತ್ರೆಗೆ ಹೋಗಿ, ಡಾಕ್ಟರ ಮುಖವನ್ನೂ ನೋಡದೆ, ಪರಮಾನಂದದಿಂದ ಮನೆಗೆ ಬರುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಚಿಕ್ಕಪ್ಪ. ಕಾಯಿಲೆ ಅವರಿಗಲ್ಲ. ಅವರ ನಾಯಿಗೂ ಅಲ್ಲ!

ಚಿಕ್ಕಪ್ಪನ ಮನೆ ಡಬ್ಲಿನ್‌ ಪಕ್ಕದ ಲೂಕನ್‌ನಲ್ಲಿ. ಎರಡೆರಡು ಮನೆಗಳು ಭುಜಕ್ಕೆ ಭುಜ ಅಂಟಿಸಿಕೊಂಡು ನಿಂತ ಬಡಾವಣೆ. ನಡುಗೋಡೆಯ ಆಚೆ ಇರುವ ಐರಿಷ್ ಅಜ್ಜಿಗೆ ನಮ್ಮ ಇಡೀ ಬಂಧುಬಳಗದ ಹೆಸರು ಬಾಯಿಪಾಠ. ಅವರು ಚಿಕ್ಕಪ್ಪನ ಮನೆಗೆ ಒಂದು ಸಲವೂ ಬಂದವರಲ್ಲ. ಚಿಕ್ಕಪ್ಪ ಉಡುಪಿಗೆ ಫೋನ್ ಮಾಡುತ್ತಾರೆ, ಅಷ್ಟೇ! ದೇವರು ಎಲ್ಲರಿಗೂ ಒಂದು ಗಂಟಲು ಕೊಟ್ಟರೆ ಇವರಿಗೆ ಒಂದು ಧ್ವನಿವರ್ಧಕ ಕೊಟ್ಟಿದ್ದಾನೆ, ಆದರೆ ಅದರ ಗುಂಡಿಯನ್ನು ಎಲ್ಲಿಟ್ಟಿದ್ದಾನೋ ಯಾರಿಗೂ ಗೊತ್ತಿಲ್ಲ. ವಿಮಾನ ನಿಲ್ದಾಣದಲ್ಲಿ, ಸಾಮಾನು ಸಾಗಿಸುವ ಯಂತ್ರಗಳ ನಡುವೆ ಅವರ ಕೆಲಸ. ಅಲ್ಲಿ ಅದು ಅನುಕೂಲವೇ.

ಇಂಥ ಮನುಷ್ಯನ ಮನೆಗೆ, ಜಗತ್ತಿನಲ್ಲೇ ಅತ್ಯಂತ ಹೆದರುಪುಕ್ಕಲ ನಾಯಿಯೊಂದು ಬಂತು. ಓಟದ ಪಂದ್ಯಗಳಿಂದ ನಿವೃತ್ತಿಯಾದ ಗ್ರೇಹೌಂಡ್. ಜಿಂಕೆಯ ಕಾಲು, ಹಾವಿನಂಥ ಕತ್ತು, ಬಿಳಿ ಮೈ, ಕಿವಿಯೊಳಗೆ ಹಸಿರು ಹಚ್ಚೆಯಲ್ಲಿ ನಂಬರು. ತಂದವಳು ಅವರ ಮಗಳು. ಚಿಕ್ಕಮ್ಮ ಅದರ ಪಕ್ಕೆಲುಬು ನೋಡಿ, "ಅಯ್ಯೋ, ಇದಕ್ಕೆ ಯಾರೂ ಊಟಾನೇ ಹಾಕಿಲ್ವಾ?" ಎಂದರು. ಚಿಕ್ಕಪ್ಪ ಘೋಷಿಸಿದರು: "ಇದು ಒಳಗೆ ಬಂದ್ರೆ ನಾನು ಹೊರಗೆ!"

ಅದು ಒಳಗೆ ಬಂತು. ಚಿಕ್ಕಪ್ಪ ಹೊರಗೆ ಹೋಗಲಿಲ್ಲ. ಸೋಫಾ ನಾಯಿಗಾಯಿತು, ಕಾರ್ಪೆಟ್ಟು ಚಿಕ್ಕಪ್ಪನಿಗೆ. ಯಾವಾಗಲೂ ಈಗ ಅತ್ತೇಬಿಡುತ್ತಾರೇನೋ ಎಂಬಂತಿದ್ದ ತಮ್ಮ ಪ್ರೈಮರಿ ಶಾಲೆಯ ಟೀಚರ ಹೆಸರನ್ನೇ ಚಿಕ್ಕಪ್ಪ ಅವಳಿಗೆ ಇಟ್ಟರು: ಗಿರಿಜಾ.

ಮೊದಲ ಸಲ ಪ್ರಾಣಿವೈದ್ಯರ ಕ್ಲಿನಿಕ್ಕಿಗೆ ಹೋದಾಗ ನಾನೂ ಇದ್ದೆ. ನಾನು ಡಬ್ಲಿನ್ನಿನ ಇನ್ನೊಂದು ಪಕ್ಕದ ಸೋರ್ಡ್ಸ್‌ನಲ್ಲಿರುವವನು. ವಾರದ ಕೊನೆಗೆ ಚಿಕ್ಕಮ್ಮನ ಅಡುಗೆಯ ಆಸೆಗೆ ಬಸ್ಸು ಬದಲಿಸಿ ಲೂಕನ್ನಿಗೆ ಬರುತ್ತೇನೆ. ಈ ದೇಶದ ಕ್ಲಿನಿಕ್ಕುಗಳಲ್ಲಿ ನಾಯಿಯನ್ನು ಕರೆಯುವಾಗ ಯಜಮಾನನ ಮನೆತನದ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ಹಾಗಾಗಿ ನಮ್ಮ ಏಳು ತಲೆಮಾರಿನ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡು ಗಿರಿಜಾ ಒಳಗೆ ಹೋದಳು. ಡಾಕ್ಟರ್ ಇನ್ನೂ ಕೈ ತೊಳೆಯುತ್ತಿದ್ದರು. ಸೂಜಿ ಇನ್ನೂ ಪೊಟ್ಟಣದಲ್ಲಿತ್ತು. ಗಿರಿಜಾ ಕಿರುಚಿದಳು.

ಗ್ರೇಹೌಂಡ್ ಕಿರುಚುವುದನ್ನು ನೀವು ಕೇಳಿಲ್ಲದಿದ್ದರೆ ನಿಮ್ಮ ಪುಣ್ಯ. ಅದನ್ನು ಕೇಳಿ ಚಿಕ್ಕಪ್ಪನೂ ಕಿರುಚಿದರು. ಹೊರಗಿದ್ದ ಕೆಂಗೂದಲ ನರ್ಸ್ ಬಾಗಿಲು ತೆರೆದು, ಇಬ್ಬರನ್ನೂ ನೋಡಿ, "ಸೂಜಿ ಯಾರಿಗೆ ಚುಚ್ಚಿದ್ದು?" ಎಂದು ಕೇಳಿದಳು.

ಇಲ್ಲಿ ಒಂದು ಮಾತು. ಈ ಪ್ರಸಂಗವನ್ನು ನಾನು ಎಷ್ಟೋ ಮನೆಗಳ ಊಟದ ಮೇಜಿನಲ್ಲಿ ಹೇಳಿದ್ದೇನೆ. ಮೊನ್ನೆ ಆ ನರ್ಸನ್ನು ಮತ್ತೆ ನೋಡಿದೆ. ಅವಳ ಕೂದಲು ಕಪ್ಪು! ಹುಟ್ಟಿದಾಗಿನಿಂದಲೂ ಕಪ್ಪಂತೆ. ಐರ್ಲೆಂಡಿನ ಕಥೆ ಎಂದಮೇಲೆ ಒಂದು ಕೆಂಗೂದಲು ಇರಲಿ ಎಂದು ನನ್ನ ನೆನಪು ನನ್ನನ್ನು ಕೇಳದೆಯೇ ಬಣ್ಣ ಬಳಿದಿದೆ. ಚಿಕ್ಕಮ್ಮನ ಪ್ರಕಾರ ಚಿಕ್ಕಪ್ಪ ಕಿರುಚಲೂ ಇಲ್ಲ, "ಅಯ್ಯೋ" ಎಂದರು ಅಷ್ಟೇ. ಚಿಕ್ಕಪ್ಪನ "ಅಯ್ಯೋ" ಕೇಳಿದವರಿಗೆ ಇವೆರಡರ ನಡುವೆ ವ್ಯತ್ಯಾಸ ಕಾಣುವುದು ಕಷ್ಟ.

ಆದರೆ ಆ ನರ್ಸ್ ಆಮೇಲೆ ಹೇಳಿದ್ದರಲ್ಲಿ ಬಣ್ಣವಿಲ್ಲ. ಗಿರಿಜಾ ಮೂಲೆಯಲ್ಲಿ ಕಲ್ಲಾಗಿ ನಿಂತು ನಡುಗುತ್ತಿದ್ದಳು. ನರ್ಸ್ ನೆಲದ ಮೇಲೆ ಕುಳಿತು ಹೇಳಿದಳು: "ಇವತ್ತು ಬಿಡಿ, ಇವತ್ತು ತುರ್ತೇನಿಲ್ಲ. ಆದರೆ ಒಂದು ದಿನ ಇವಳಿಗೆ ನಿಜವಾಗಿ ಏನಾದರೂ ಆಗುತ್ತೆ. ಅವತ್ತು ನಾವು ಮುಟ್ಟಿ ನೋಡಲೇಬೇಕು. ಆಗ ಮೂರು ಜನ ಸೇರಿ ಅದುಮಿ ಹಿಡಿಯೋ ಹಾಗೆ ಆಗಬಾರದು, ಅಲ್ವಾ?"

ಚಿಕ್ಕಪ್ಪನ ಮುಖ ಸಣ್ಣದಾಯಿತು.

"ಅದಕ್ಕೇನು ಮಾಡ್ಬೇಕು?"

"ಸುಮ್ಮನೆ ಬನ್ನಿ. ಡಾಕ್ಟರ್ ಇಲ್ಲ, ಸೂಜಿ ಇಲ್ಲ. ಒಳಗೆ ಬನ್ನಿ, ಇವಳಿಗೆ ಇಷ್ಟವಾದದ್ದು ತಿನ್ನಿಸಿ, ಒಂದು ಸುತ್ತು ಹಾಕಿ, ಮನೆಗೆ ಹೋಗಿ."

ಇದನ್ನು ಬೇರೆಯವರಿಗೆ ವಿವರಿಸಲು ಗಂಟೆಗಟ್ಟಲೆ ಬೇಕಾಗುತ್ತಿತ್ತೇನೋ. ಚಿಕ್ಕಪ್ಪನಿಗೆ ತಟ್ಟನೆ ಅರ್ಥವಾಯಿತು. "ಓಹೋ! ಪ್ರದಕ್ಷಿಣೆ ಹಾಕಿ ಪ್ರಸಾದ ತಿಂದು ಬರೋದು!"

"ಇನ್ನೊಂದು," ಎಂದಳು ನರ್ಸ್. "ನೀವು ಸ್ವಲ್ಪ ಮೆಲ್ಲಗೆ ಮಾತಾಡಬೇಕು."

"ಅದಕ್ಕೇನಂತೆ!" ಎಂದರು ಚಿಕ್ಕಪ್ಪ. ಹೊರಗೆ ಬುಟ್ಟಿಯಲ್ಲಿದ್ದ ಬೆಕ್ಕೊಂದು ಬುಟ್ಟಿಯ ಸಮೇತ ಬೆಂಚಿನಿಂದ ಕೆಳಗೆ ಬಿತ್ತು.

ಹೀಗೆ ವ್ರತ ಶುರುವಾಯಿತು. ವ್ರತ ಎಂದ ಮೇಲೆ ನಿಯಮಗಳು ಬೇಡವೇ? ಮೊದಲನೆಯದು ಶುಭಸಮಯ. ರಾಹುಕಾಲದಲ್ಲಿ ಕ್ಲಿನಿಕ್ಕಿನ ಹೊಸಿಲು ತುಳಿಯುವಂತಿಲ್ಲ. ಆದರೆ ಯಾವ ರಾಹುಕಾಲ? ಉಡುಪಿಯದೋ ಲೂಕನ್ನಿನದೋ? ಹಗಲಿನ ಎಂಟನೇ ಒಂದು ಭಾಗ ರಾಹುಕಾಲವಾದರೆ, ಬೆಳಗಾದದ್ದೇ ಮುಗಿಯದ ಇಲ್ಲಿಯ ಬೇಸಿಗೆಯಲ್ಲಿ ಅದು ಎರಡು ಗಂಟೆಯನ್ನೂ ಮೀರುತ್ತದೆ! ಚಳಿಗಾಲದಲ್ಲಾದರೆ ಒಂದು ಗಂಟೆಯೂ ಇಲ್ಲ. "ಈ ದೇಶದಲ್ಲಿ ಕಾಯಿಲೆ ಬೀಳೋದಾದ್ರೆ ಡಿಸೆಂಬರಿನಲ್ಲೇ ಬೀಳ್ಬೇಕು ಕಣೋ," ಎಂದು ಚಿಕ್ಕಪ್ಪ ಲೆಕ್ಕ ಹಾಕಿ ಹೇಳಿದರು.

ಎರಡನೆಯದು ಪ್ರಸಾದ. ಒಗ್ಗರಣೆಯಿಲ್ಲದ, ಉಪ್ಪಿಲ್ಲದ ಮೊಸರನ್ನ. ಚಿಕ್ಕಮ್ಮ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದರು. ನಾಯಿ ನೆಕ್ಕುವುದಕ್ಕೆಂದೇ ಇರುವ ರಬ್ಬರ್ ಹಾಳೆಯೊಂದರ ಮೇಲೆ ಅದನ್ನು ಹಚ್ಚಿ ಇಡುವುದು. ನೆಕ್ಕುತ್ತಾ ಇದ್ದರೆ ನಾಯಿಯ ಮನಸ್ಸು ತಣ್ಣಗಾಗುತ್ತದಂತೆ. ಮೊಸರನ್ನ ಯಾರ ಮನಸ್ಸನ್ನು ತಣ್ಣಗೆ ಮಾಡುವುದಿಲ್ಲ ಹೇಳಿ? ಕೆಲವೇ ವಾರಗಳಲ್ಲಿ ಕಾಯುವ ಕೋಣೆಯ ನಾಯಿಗಳೆಲ್ಲ ತಮ್ಮ ಯಜಮಾನರನ್ನು ಎಳೆದುಕೊಂಡು ಚಿಕ್ಕಪ್ಪನ ಕಡೆಗೇ ಬರತೊಡಗಿದವು.

ಮೂರನೆಯದು ತೂಕದ ಯಂತ್ರ. ನೆಲಕ್ಕೆ ಸಮನಾಗಿ ಹಾಸಿದ ಹಲಗೆ, ಗೋಡೆಯ ಮೇಲೆ ದಪ್ಪ ಕೆಂಪು ಅಂಕಿಗಳು. ಗಿರಿಜಾ ಅದನ್ನು ಬಾವಿಯೆಂದು ತಿಳಿದಿದ್ದಳು. ಬಾವಿಯಲ್ಲವೆಂದು ತೋರಿಸಲು ಚಿಕ್ಕಪ್ಪ ತಾವೇ ಹತ್ತಿ ನಿಂತರು. ಸಾಲದೆಂದು ಮಂಡಿಯೂರಿ, ಎರಡೂ ಕೈ ಊರಿ, ನಾಲ್ಕು ಕಾಲಿನ ಮೇಲೆ ನಿಂತು "ನೋಡು, ನೋಡು" ಎಂದರು. ಗಿರಿಜಾ ನೋಡಲಿಲ್ಲ. ಕಾಯುವ ಕೋಣೆಯೆಲ್ಲ ನೋಡಿತು. ಚಿಕ್ಕಮ್ಮ ಗೋಡೆಯ ಕಡೆ ನೋಡಿದರು.

"ರೀ, ನನ್ನ ಹತ್ರ ಎಪ್ಪತ್ತೆಂಟು ಅಂದಿದ್ರಿ!"

"ಅದು ನಾಯಿಯ ಯಂತ್ರ ಕಣೇ, ಮನುಷ್ಯರಿಗೆ ತಪ್ಪು ತೋರಿಸುತ್ತೆ."

ಅಂದಿನ ರಾತ್ರಿಯೂಟದಲ್ಲಿ ಚಿಕ್ಕಪ್ಪನ ತಟ್ಟೆಗೆ ಬಿದ್ದದ್ದು ಒಂದೇ ದೋಸೆ.

ಈಗ ಅರಿಶಿನದ ಪ್ರಸಂಗ. ಇದು ತೂಕದ್ದಕ್ಕಿಂತ ಮೊದಲೋ ಆಮೇಲೋ ನನಗೆ ಖಚಿತವಿಲ್ಲ. ನೆನಪಿಗೆ ಒಂದು ಕೆಟ್ಟ ಚಾಳಿ: ಎಲ್ಲವನ್ನೂ ಏಣಿಯ ಮೆಟ್ಟಿಲಿನಂತೆ ಜೋಡಿಸಲು ನೋಡುತ್ತದೆ. ಮೊದಲು ಹೆದರಿಕೆ, ಆಮೇಲೆ ಸ್ವಲ್ಪ ಧೈರ್ಯ, ಆಮೇಲೆ ಇನ್ನಷ್ಟು. ಗಿರಿಜಾ ಹಾಗೆ ಮೆಟ್ಟಿಲು ಹತ್ತಿದವಳಲ್ಲ. ಒಂದು ಶನಿವಾರ ಮದುಮಗಳಂತೆ ಒಳಗೆ ನಡೆದಳು. ಮುಂದಿನ ಶನಿವಾರ ಕಾರ್ ಪಾರ್ಕಿನಲ್ಲೇ ಮಲಗಿಬಿಟ್ಟಳು. ಚಿಕ್ಕಪ್ಪನೂ ಪಕ್ಕದಲ್ಲಿ, ಮಳೆಯಲ್ಲಿ, ಡಬ್ಬಿ ಹಿಡಿದು ಕುಳಿತರು, ಮತ್ತೆ ಮನೆಗೆ ಬಂದರು. ಎಳೆಯಲಿಲ್ಲ. ಅದು ಮಾತ್ರ ಯಾವ ಸಲವೂ ಇಲ್ಲ.

ಇರಲಿ, ಅರಿಶಿನ. ಅದೊಂದು ಶುಕ್ರವಾರ, ವರ್ಷದ ಲಸಿಕೆ, ಅಂದರೆ ನಿಜವಾದ ಡಾಕ್ಟರ ದರ್ಶನ. ಮನೆಯ ಹೆಣ್ಣುಮಗಳನ್ನು ಹೊರಗೆ ಕಳಿಸುವಾಗ ಸುಮ್ಮನೆ ಕಳಿಸುವುದುಂಟೇ? ಚಿಕ್ಕಮ್ಮ ಅವಳಿಗೆ ಬಿಸಿನೀರು ಸ್ನಾನ ಮಾಡಿಸಿ, ಕಿವಿಗೆ, ಹೊಟ್ಟೆಗೆ ತೆಳ್ಳಗೆ ಅರಿಶಿನ ಹಚ್ಚಿದ್ದರು. ಅಂದು ಬಂದಿದ್ದವರು ಹೊಸ ಡಾಕ್ಟರ್, ಚಿಕ್ಕ ವಯಸ್ಸಿನ ಹುಡುಗಿ. ಗಿರಿಜಾಳ ಕಿವಿಯನ್ನು ಮೆತ್ತಗೆ ಮಗುಚಿದವರು ಹಾಗೇ ನಿಂತರು. ಹೊಟ್ಟೆ ನೋಡಿದರು. ದನಿ ಗಂಭೀರವಾಯಿತು.

"ಇವಳು ಹಳದಿಯಾಗಿ ಎಷ್ಟು ದಿನವಾಯಿತು?"

"ಇವತ್ತು ಬೆಳಿಗ್ಗೆಯಿಂದ," ಎಂದರು ಚಿಕ್ಕಪ್ಪ.

"ಬೆಳಿಗ್ಗೆಯಿಂದಲಾ! ಮುಂಚೆ ಯಾವಾಗಾದರೂ ಹೀಗಾಗಿತ್ತಾ?"

"ಶುಕ್ರವಾರ, ಶುಕ್ರವಾರ ಆಗುತ್ತೆ."

"ಪ್ರತಿ ಶುಕ್ರವಾರ?"

"ಹಬ್ಬ ಬಂದ್ರೆ ಇನ್ನೂ ಜಾಸ್ತಿ. ಮನೇಲಿ ಎಲ್ಲರಿಗೂ ಆಗುತ್ತೆ. ನನ್ನ ಹೆಂಡತೀನೂ ನೋಡಿ!"

ಚಿಕ್ಕಮ್ಮ ಹೆಮ್ಮೆಯಿಂದ ಕೆನ್ನೆ ತಿರುಗಿಸಿ ತೋರಿಸಿದರು. ಆ ಹುಡುಗಿ ರಕ್ತಪರೀಕ್ಷೆಯ ಸೀಸೆಗೆ ಕೈ ಹಾಕಿಯಾಗಿತ್ತು. ಲಿವರ್ ಕೆಟ್ಟ ಕುಟುಂಬವೊಂದು ನಗುನಗುತ್ತಾ ತನ್ನೆದುರು ಕುಳಿತಿದೆ ಎಂದು ಆಕೆ ನಂಬಿದ್ದರಲ್ಲಿ ತಪ್ಪೇನು? ನಾನು ಹತ್ತಿಯ ಉಂಡೆ ಒದ್ದೆ ಮಾಡಿ ಕಿವಿ ಒರೆಸಿ ತೋರಿಸಿದ ಮೇಲೆ ಡಾಕ್ಟರ್ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ನಕ್ಕರು. ಆ ನಗೆಯ ನಡುವೆ ಲಸಿಕೆ ಹಾಕಿದ್ದು ಗಿರಿಜಾಳಿಗೆ ಗೊತ್ತೇ ಆಗಲಿಲ್ಲ. "ಅರಿಶಿನದ ಮಹಿಮೆ," ಎಂದರು ಚಿಕ್ಕಮ್ಮ.

ಇಷ್ಟರಲ್ಲಿ ನಡೆದ ದೊಡ್ಡ ಕ್ರಾಂತಿ ಚಿಕ್ಕಪ್ಪನ ಗಂಟಲಿನದು. ನರ್ಸ್ ಕಲಿಸಿಕೊಟ್ಟಿದ್ದಳು: ಎದುರಿಗೆ ನಿಂತು ಬಗ್ಗಬೇಡಿ, ಪಕ್ಕದಲ್ಲಿ ಕೂರಿ. ಮುಟ್ಟುವ ಮುಂಚೆ ಹೇಳಿ, ಮೊದಲು ಭುಜ ಮುಟ್ಟಿ. ಅವಳು ಮುಖ ತಿರುಗಿಸಿದರೆ ಕೈ ತೆಗೆಯಿರಿ. ಚಿಕ್ಕಪ್ಪ ಇದನ್ನು ಎಷ್ಟು ಭಕ್ತಿಯಿಂದ ಕಲಿತರೆಂದರೆ ಮನುಷ್ಯರ ಮೇಲೂ ಪ್ರಯೋಗಿಸತೊಡಗಿದರು! ನನ್ನ ಪಕ್ಕ ಓರೆಯಾಗಿ ಕುಳಿತು, ಕಣ್ಣಿಗೆ ಕಣ್ಣು ಕೊಡದೆ, ಕೋಡುಬಳೆಯ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಕಾಯುತ್ತಿದ್ದರು. ಕೆಲಸದ ಜಾಗದಲ್ಲಿ ಒಬ್ಬನಿಗೆ "ಈಗ ನಿನ್ನ ಭುಜ ಮುಟ್ಟುತ್ತೇನೆ, ಸರಿಯಾ?" ಎಂದರಂತೆ. ಆ ಬಡಪಾಯಿ ಅಂದಿನಿಂದ ಊಟದ ವೇಳೆಯನ್ನೇ ಬದಲಾಯಿಸಿಕೊಂಡಿದ್ದಾನೆ.

ಗಿರಿಜಾಳ ಜೊತೆ ಮಾತಾಡುವಾಗಿನ ಅವರ ದನಿ ಕೇಳಿ ಚಿಕ್ಕಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಬಂದರು.

"ಇಷ್ಟು ವರ್ಷ ಈ ದನೀನ ಎಲ್ಲಿಟ್ಟಿದ್ರಿ?"

"ಅವಳು ಹೆದರ್ತಾಳಲ್ಲ, ಮಾರಾಯ್ತಿ."

"ನಾನು ಹೆದರೋದು ನಿಲ್ಲಿಸಿದ್ದೇ ತಪ್ಪಾಯ್ತು ಹಾಗಾದ್ರೆ! ನಾನೂ ಒಂದು ಸಲ ಕಿರುಚಿ ನೋಡ್ಲಾ?"

ಚಳಿ ಶುರುವಾಗುವ ಹೊತ್ತಿಗೆ ಗಿರಿಜಾ ಕುಂಟತೊಡಗಿದಳು. ಮುಂದಿನ ಬಲಗಾಲು. ಫೋನಿನಲ್ಲಿ ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು: ಈ ತಳಿಯಲ್ಲಿ ಇದ್ದಕ್ಕಿದ್ದಂತೆ ಕುಂಟಿದರೆ ಮೂಳೆಯ ಕ್ಯಾನ್ಸರ್ ಇರಬಹುದು. ಈಗಲೇ ಕರೆತನ್ನಿ. ಚಿಕ್ಕಪ್ಪ ಪಂಚಾಂಗ ತೆಗೆಯಲಿಲ್ಲ. ಚಿಕ್ಕಮ್ಮ ಮೊಸರನ್ನಕ್ಕೆ ತಪ್ಪಿ ಉಪ್ಪು ಹಾಕಿ, ಚೆಲ್ಲಿ, ಮತ್ತೆ ಕಲಸಿದರು.

ನರ್ಸ್ ಹೇಳಿದ್ದ "ಒಂದು ದಿನ" ಬಂದಿತ್ತು.

ಗಿರಿಜಾ ಮೂರು ಕಾಲಿನಲ್ಲಿ ಒಳಗೆ ಬಂದಳು. ತೂಕದ ಹಲಗೆಯ ಮೇಲೆ ತಾನೇ ಹೋಗಿ ನಿಂತು ಡಬ್ಬಿಯ ಕಡೆ ನೋಡಿದಳು. ಡಾಕ್ಟರ್, ಅದೇ ಅರಿಶಿನದ ಹುಡುಗಿ, ಮೇಜು ಬಿಟ್ಟು ನೆಲಕ್ಕೆ ಕುಳಿತರು. ಅವರ ಬೆರಳು ಮೂಳೆಯ ಮೇಲೆ ಇಂಚಿಂಚಾಗಿ ಇಳಿಯುವಾಗ ಗಿರಿಜಾಳ ಚರ್ಮ ನೀರಿನಂತೆ ನಡುಗಿತು. ಒಮ್ಮೆ ಮುಖ ತಿರುಗಿಸಿದಳು. ಡಾಕ್ಟರ್ ಕೈ ತೆಗೆದರು. ಎಲ್ಲರೂ ಕಾದೆವು. ಗಿರಿಜಾ ತಾನಾಗಿಯೇ ಮುಖ ತಿರುಗಿಸಿ, ಆ ಉದ್ದ ಮೂತಿಯನ್ನು ಚಿಕ್ಕಪ್ಪನ ಕಂಕುಳಲ್ಲಿ ತೂರಿಸಿದಳು. ಚಿಕ್ಕಪ್ಪ ಅವಳಿಗೆ ಏನೋ ಹೇಳುತ್ತಲೇ ಇದ್ದರು. ಏನೆಂದು ಕೇಳಬೇಡಿ. ಎರಡಡಿ ದೂರದಲ್ಲಿದ್ದೆ, ನನಗೆ ಕೇಳಿಸಲಿಲ್ಲ!

ಮಂಪರಿನ ಇಂಜೆಕ್ಷನ್, ಎಕ್ಸ್‌ರೇ. ಡಾಕ್ಟರ್ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಚಿಕ್ಕಪ್ಪ ಕೈಕಟ್ಟಿ, ಪರೀಕ್ಷೆಯ ಫಲಿತಾಂಶಕ್ಕೆ ಬಂದ ಹುಡುಗನಂತೆ ನಿಂತಿದ್ದರು.

"ಕ್ಯಾನ್ಸರ್ ಇಲ್ಲ," ಎಂದರು ಡಾಕ್ಟರ್. "ಇದು ಹಳೆಯದು. ಓಡುತ್ತಿದ್ದ ಕಾಲದಲ್ಲಿ ಮೂಳೆ ಮುರಿದಿದೆ, ಸರಿಯಾಗಿ ಕೂಡಿಸಿದ ಹಾಗಿಲ್ಲ, ಸೊಟ್ಟವಾಗಿ ಕೂಡಿಕೊಂಡಿದೆ. ಈಗ ಚಳಿಗೆ ನೋಯುತ್ತಿದೆ. ನೋವಿಗೆ ಔಷಧಿ ಕೊಡ್ತೀನಿ. ಏನೂ ಆಗಲ್ಲ, ಶಿ ವಿಲ್ ಬಿ ಗ್ರ್ಯಾಂಡ್."

ನಾನು, ಚಿಕ್ಕಮ್ಮ, ನರ್ಸ್ ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು. ಚಿಕ್ಕಪ್ಪ ಮಾತ್ರ ಪರದೆಯ ಮೇಲಿನ ಆ ಸೊಟ್ಟ ಬಿಳಿ ಗೆರೆಯನ್ನು ನೋಡುತ್ತಲೇ ಇದ್ದರು.

"ಮುರಿದ ಕಾಲಲ್ಲೇ ಓಡಿದ್ಲಾ?" ಎಂದು ಕನ್ನಡದಲ್ಲಿ ಕೇಳಿದರು. ಯಾರಿಗೆ ಕೇಳಿದ್ದೋ ಗೊತ್ತಾಗಲಿಲ್ಲ.

ಕಾರಿನ ಹತ್ತಿರ ಬಂದಾಗ ಕೀಲಿ ನನ್ನ ಕೈಗೆ ಕೊಟ್ಟು, ಇನ್ನೂ ಅರೆನಿದ್ದೆಯಲ್ಲಿದ್ದ ಗಿರಿಜಾಳನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದರು. ಚಿಕ್ಕಮ್ಮ ಮುಂದೆ ಕುಳಿತರು. ಚಿಕ್ಕಪ್ಪನ ಬಡಾವಣೆಯ ರಸ್ತೆಗಳಲ್ಲಿ ಹೆಜ್ಜೆಗೊಂದು ರ‍್ಯಾಂಪ್. ಅಂದರೆ ನಮ್ಮೂರಿನ ರೋಡ್ ಹಂಪ್. ಎಷ್ಟು ನಿಧಾನವಾಗಿ ಹೋದರೂ ಕಾರು ಒಮ್ಮೆ ಎದ್ದು ಬೀಳುತ್ತದೆ.

"ರ‍್ಯಾಂಪ್ ಬರ್ತಿದೆ," ಎಂದರು ಚಿಕ್ಕಪ್ಪ ಹಿಂದಿನಿಂದ.

"ನೋಡಿದೆ ಚಿಕ್ಕಪ್ಪ, ನಿಧಾನವಾಗೇ ಹೋಗ್ತಿದ್ದೀನಿ," ಎಂದೆ.

ಚಿಕ್ಕಮ್ಮ ನನ್ನ ತೋಳು ಮುಟ್ಟಿ, ಸುಮ್ಮನಿರು ಎಂಬಂತೆ ತಲೆಯಾಡಿಸಿದರು. ಕನ್ನಡಿಯಲ್ಲಿ ನೋಡಿದೆ. ಅವರು ನನಗೆ ಹೇಳುತ್ತಿರಲಿಲ್ಲ. ಬಗ್ಗಿ, ಆ ಹಚ್ಚೆಯ ಕಿವಿಯ ಹತ್ತಿರ ಹೇಳುತ್ತಿದ್ದರು. ಅವರ ಅಂಗೈ ಸೊಟ್ಟ ಮೂಳೆಯ ಮೇಲೆ ಸುಮ್ಮನೆ ಇತ್ತು.

"ಇನ್ನೊಂದು ಬರುತ್ತೆ ಪುಟ್ಟಾ. ಸ್ವಲ್ಪ ಅಲ್ಲಾಡುತ್ತೆ, ಅಷ್ಟೇ. ಹಾಂ... ಈಗ."